ಚಳಿಯಲ್ಲಿ ಬೀಳದ ಗೇರು

ಜಹೀರಾಬಾದಿನ ಹೈವೇ ಬದಿಯಲ್ಲಿ ಉಸ್ತಾದರ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿ ಒಂಬತ್ತು ದಿನವಾಯಿತು. ಗಾಳಿಗೆ ಒಂದು ಮೂಲೆ ಬಿಚ್ಚಿಕೊಂಡಿದೆ. ತೆಲುಗು, ಉರ್ದು, ಕನ್ನಡ ಮೂರರಲ್ಲೂ ಬರೆಸಿದ್ದಾರೆ. ಕನ್ನಡದ ಸಾಲನ್ನು ಬರೆದುಕೊಡಿ ಎಂದು ಅಕ್ಕಪಕ್ಕದ ಗ್ಯಾರೇಜಿನವರು ಮೊದಲು ನನ್ನನ್ನೇ ಕೇಳಿದ್ದರು. ಆಗುವುದಿಲ್ಲ ಎಂದೆ. ಬೇರೆ ಯಾರೋ 'ಎಂದೂ ತಪ್ಪದ ಕೈ' ಎಂದು ಬರೆದುಕೊಟ್ಟಿದ್ದಾರೆ. ತಾಂಡೂರಿಗೆ ಹೋಗುವಾಗಲೂ ಬರುವಾಗಲೂ ಆ ಸಾಲು ಕಣ್ಣಿಗೆ ಬೀಳುತ್ತದೆ. ಎರಡು ಸಲವೂ ಸಿಟ್ಟು ಬರುತ್ತದೆ.

ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಅವರು ಬದುಕಿದ್ದಾಗಲೂ ನಾನು ಸಿಟ್ಟಾಗಿಯೇ ಇದ್ದೆ. ಅವರಿಗೆ ಅದು ಗೊತ್ತಿತ್ತು. ಆದ್ದರಿಂದ ಇದು ಬೆನ್ನ ಹಿಂದಿನ ಮಾತಲ್ಲ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬೇರೆ ಬೇರೆ ಇಟ್ಟು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಇಡೀ ಊರು ಅವರನ್ನು ಉಸ್ತಾದ್ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ.

ನನ್ನ ಕೆಲಸ ಕಾಳು ನೋಡುವುದು. ನಾರಾಯಣಖೇಡದ ಒಬ್ಬ ಸಾಹುಕಾರರ ಬೇಳೆ ಗಿರಣಿಗೆ ಬರುವ ತೊಗರಿ, ಕಡಲೆಯ ಮಾದರಿ ತೆಗೆದು ತೇವ ಎಷ್ಟು, ಹುಳು ಎಷ್ಟು, ಕಸ ಎಷ್ಟು ಎಂದು ಹೇಳುವವನು. ಸುಗ್ಗಿಯ ಕಾಲದಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ಸಾಹುಕಾರರ ಕಾರಿನಲ್ಲಿ ಖೇಡದಿಂದ ಹೊರಟು, ಜಹೀರಾಬಾದ್ ದಾಟಿ, ತಾಂಡೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ನಡುವೆ ಉಸ್ತಾದರ ಶೆಡ್ಡಿನ ಮುಂದೆ ಗಾಡಿ ನಿಲ್ಲುತ್ತಿತ್ತು. ಕೆಲಸ ಇದ್ದರೂ ನಿಲ್ಲುತ್ತಿತ್ತು, ಇಲ್ಲದಿದ್ದರೂ ನಿಲ್ಲುತ್ತಿತ್ತು.

ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ಜಾಗದ ಹಿಂದೆ ಆ ಶೆಡ್ಡು. ಉಸ್ತಾದ್ ಎತ್ತರದ ಆಳು, ನಡು ಸ್ವಲ್ಪ ಬಾಗಿತ್ತು. ಗಿರಾಕಿಗಳ ಜೊತೆ ಉರ್ದು, ಪೊಲೀಸರ ಜೊತೆ ತೆಲುಗು, ಬೈಯುವುದಕ್ಕೆ ಮಾತ್ರ ಕನ್ನಡ. ತಾಯಿ ಬೀದರ್ ಕಡೆಯವರಂತೆ. "ಉಳದ ಭಾಷಾದಾಗ ಬೈದ್ರ ಬಾಯಿ ತುಂಬಂಗಿಲ್ರಿ" ಅನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು 'ತೊಗರಿ ಸಾಬ್' ಎಂದು. ಚಹಾ ಬಂದರೆ ಕಪ್ಪಿನಿಂದ ಅರ್ಧವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದು, ಬಸಿಯನ್ನು ಎದುರಿಗೆ ಯಾರಿದ್ದರೆ ಅವರಿಗೆ ಕೊಡುತ್ತಿದ್ದರು. ಎದುರಿಗಿರುವವನು ಕಾರಿನ ಧಣಿಯೋ, ರಸ್ತೆಯಲ್ಲಿ ಚಿಂದಿ ಆಯುವವನೋ, ನೋಡುತ್ತಿರಲಿಲ್ಲ. ಇದನ್ನು ನಾನು ಹಲವು ಸಲ ಕಂಡಿದ್ದೇನೆ.

ಒಂದು ದಿನ ನಾವು ಚಹಾ ಕುಡಿಯುತ್ತಿದ್ದಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಿನಿಂದ ಹಾದುಹೋಯಿತು. ಉಸ್ತಾದ್ ಕಪ್ಪನ್ನು ನೆಲಕ್ಕಿಟ್ಟು ಎದ್ದು ಓಡಿದರು. ಅರವತ್ತರ ಹತ್ತಿರದ ಮನುಷ್ಯ ರಸ್ತೆಯ ನಡುವೆ ಕೈ ಅಗಲಿಸಿ ನಿಂತು ಟ್ರ್ಯಾಕ್ಟರ್ ನಿಲ್ಲಿಸಿದರು. ಟ್ರೇಲರಿನ ಒಂದು ಚಕ್ರದಲ್ಲಿ ಎರಡು ನಟ್ಟು ಸಡಿಲಾಗಿದ್ದವು. ಸದ್ದಿನಲ್ಲೇ ತಿಳಿದಿತ್ತು ಅವರಿಗೆ. "ಲೇ, ನಿನ್ನ ಹೆಣಾ ಹೊರಾಕ ನಾ ಬರ್ಬೇಕೇನ್ ಮಗನ? ಕಿವಿ ಹೊಲದಾಗ ಬಿಟ್ಟು ಬಂದೀಯೇನ್?" ಎಂದು ಬೈಯುತ್ತಲೇ ನಟ್ಟು ಬಿಗಿದು ಕಳಿಸಿದರು. ಈ ಸಂಗತಿಯನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಅದು ಇನ್ನೊಂದು ಬಗೆಯ ಸುಳ್ಳಾಗುತ್ತದೆ.

ಗಾಡಿ ತಂದವರು ಏನಾಗಿದೆ ಎಂದು ಹೇಳಲು ಹೊರಟರೆ ಉಸ್ತಾದರಿಗೆ ಆಗುತ್ತಿರಲಿಲ್ಲ. "ನೀ ಮಾತಾಡಬ್ಯಾಡ. ಗಾಡಿ ಮಾತಾಡ್ಲಿ" ಎಂದು ಕೀಲಿ ಕಸಿದುಕೊಳ್ಳುತ್ತಿದ್ದರು. ಜನ ಇದನ್ನು ಮೆಚ್ಚುತ್ತಿದ್ದರು. ನಾನೂ ಮೆಚ್ಚುತ್ತಿದ್ದೆ.

ಶೆಡ್ಡಿನ ಮೂಲೆಯಲ್ಲಿ ಒಂದು ಪೇಂಟಿನ ಡಬ್ಬಿ ಇತ್ತು. ಅದರ ತುಂಬ ಹಿತ್ತಾಳೆ ಬಣ್ಣದ ಬಿಲ್ಲೆಗಳು. ಅವು ಕಾರುಗಳಿಂದ ತೆಗೆದುಹಾಕಿದ ಥರ್ಮೋಸ್ಟಾಟ್ ವಾಲ್ವ್‌ಗಳು. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ನಮ್ಮ ಕಡೆ ಅದನ್ನು ಯಾರೂ ಉಳಿಸುವುದಿಲ್ಲ. ಬೇಸಿಗೆ ಬಂತೆಂದರೆ ಗಾಡಿಯವರೇ "ವಾಲ್ ತೆಗದು ಬಿಡ್ರಿ ಉಸ್ತಾದ್" ಎಂದು ಬರುತ್ತಾರೆ. ವಾಲ್ವ್ ಇಲ್ಲದಿದ್ದರೆ ನೀರು ಸದಾ ಹರಿಯುತ್ತದೆ, ಇಂಜಿನ್ ಕಾಯುವುದಿಲ್ಲ, ದಾರಿಯಲ್ಲಿ ಹಬೆ ಎದ್ದು ನಿಲ್ಲುವುದಿಲ್ಲ. ಉಸ್ತಾದ್ ಡಬ್ಬಿಯನ್ನು ಕಾಲಿನಿಂದ ತಟ್ಟಿ ಹೇಳುತ್ತಿದ್ದರು: "ಥಂಡಿ ದೇಶದವ್ರು ಮಾಡ್ಯಾರ ಇದನ್ನ. ನಮ್ಮ ಬಿಸಲಿಗಿ ಇದರ ಕೆಲಸೇ ಇಲ್ಲ."

ಸಾಹುಕಾರರ ಕಾರು ಹಳೆಯ ಆಟೋಮ್ಯಾಟಿಕ್. ಎಡ ಮೊಣಕಾಲಿನ ಆಪರೇಷನ್ ಆದಮೇಲೆ ಕ್ಲಚ್ ತುಳಿಯಲಾಗದೆ, ಆಗಾಗ ತಾವೂ ಓಡಿಸಬೇಕೆಂದು ಹೈದರಾಬಾದಿನಿಂದ ತರಿಸಿದ್ದರು. ಖೇಡದಲ್ಲಿ ಅಂಥ ಗಾಡಿ ಅದೊಂದೇ. ಅದಕ್ಕೆ ನಾಲ್ಕು ಗೇರು, ನಾಲ್ಕನೆಯದನ್ನು ಓವರ್‌ಡ್ರೈವ್ ಎನ್ನುತ್ತಾರೆ. ವೇಗ ಹಿಡಿದ ಮೇಲೆ ಅದು ತಾನಾಗಿ ಬೀಳುತ್ತದೆ. ಬಿದ್ದರೆ ಇಂಜಿನ್ನಿನ ಸದ್ದು ಇಳಿಯುತ್ತದೆ, ಪೆಟ್ರೋಲ್ ಉಳಿಯುತ್ತದೆ. ಗೇರಿನ ಹಿಡಿಯ ಮೇಲಿನ ಗುಂಡಿ ಒತ್ತಿದರೆ ನಾಲ್ಕನೆಯದು ಬೀಳುವುದಿಲ್ಲ, ಆಗ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿರುತ್ತದೆ.

ಅದನ್ನು ಓಡಿಸುತ್ತಿದ್ದವನು ಮನೂರ್ ಕಡೆಯ ಹಳ್ಳಿಯವನು. ನನಗಿಂತ ನಾಲ್ಕೈದು ವರ್ಷ ಸಣ್ಣವನು, ನನ್ನನ್ನು ಅಣ್ಣಾ ಅನ್ನುತ್ತಿದ್ದ. ಲಾರಿ, ಜೀಪು, ಎಲ್ಲ ಓಡಿಸಿ ಬಂದ ಕೈ. ಕಾರು ಬಂದ ಮೊದಲ ಬೇಸಿಗೆಯಲ್ಲಿ ಉಸ್ತಾದ್ ಅದರ ವಾಲ್ವ್ ತೆಗೆದರು. ನಾನು ಅಲ್ಲೇ ಇದ್ದೆ. ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲಿ ನಿಂತಿದ್ದ. ಬಿಲ್ಲೆ ಡಬ್ಬಿಗೆ ಬಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆಮೇಲೆ ಅವನಿಗೆ ಒಂದೇ ಹೆಮ್ಮೆ. ಬಿಸಿ ತೋರಿಸುವ ಸೂಜಿಯತ್ತ ಕೈ ಮಾಡಿ, "ನೋಡ್ರಿ ಅಣ್ಣಾ, ಸೂಜಿ ಏಳಂಗೇ ಇಲ್ಲ. ಐಸ್ ಇದ್ದಂಗ ಅದ ಇಂಜಿನ್" ಅನ್ನುತ್ತಿದ್ದ. ಸೂಜಿ ತಳದಲ್ಲಿದ್ದರೆ ಒಳ್ಳೆಯದು ಎಂದೇ ನಾವೆಲ್ಲ ತಿಳಿದಿದ್ದೆವು. ಹಾಗಲ್ಲ ಎಂದು ತಿಳಿದಿರಬೇಕಾದವರು ಒಬ್ಬರೇ.

ಆ ವರ್ಷ ಸಂಕ್ರಾಂತಿಗೆ ಮೊದಲಿನ ಚಳಿಯಲ್ಲಿ ನಾಲ್ಕನೆಯ ಗೇರು ಬೀಳುವುದು ನಿಂತಿತು. ಬೆಳಿಗ್ಗೆ ಖೇಡ ಬಿಟ್ಟರೆ ಜಹೀರಾಬಾದಿನ ತನಕ ಇಂಜಿನ್ ಒಂದೇ ಸಮನೆ ಅರಚುತ್ತಿತ್ತು. ಹಳದಿ ದೀಪ ಹತ್ತಿರಲಿಲ್ಲ, ನಾನು ಬಗ್ಗಿ ನೋಡಿದ್ದೇನೆ. ಅವನು ಗುಂಡಿ ಒತ್ತಿ ನೋಡಿದ, ಬಿಟ್ಟು ನೋಡಿದ, ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ. "ನಾಕನೇದು ಬೀಳವಲ್ದು ಅಣ್ಣಾ. ಗಾಡಿ ಉಸರು ಕಟ್ಟಿ ಓಡಾಕತ್ತದ."

ಶೆಡ್ಡಿಗೆ ತಂದೆವು. ಉಸ್ತಾದ್ ಬೇರೆ ಕೆಲಸದಲ್ಲಿದ್ದರು. ಸ್ಟಾರ್ಟಿನಲ್ಲೇ ಬಿಡಲು ಹೇಳಿದರು. ಗಾಡಿ ನಿಂತಲ್ಲೇ ಅರ್ಧ ಗಂಟೆ ಗುರುಗುಟ್ಟಿತು. ಬಿಸಿಲು ಏರಿದ ಮೇಲೆ ಅವರು ಕೀಲಿ ತೆಗೆದುಕೊಂಡು ಕರ್ನಾಟಕದ ಗಡಿಯ ಕಡೆ ಒಂದು ಸುತ್ತು ಹೋಗಿ ಬಂದರು. ನಾಲ್ಕನೆಯದು ತಟ್ಟನೆ ಬಿತ್ತು. ಇನ್ನೆರಡು ಸಲ ಹೋದೆವು. ಎರಡು ಸಲವೂ ಹಾಗೇ. ನಡು ಹಗಲಿನಲ್ಲಿ ಅದಕ್ಕೆ ಯಾವ ರೋಗವೂ ಇರಲಿಲ್ಲ.

"ಮುಂಜಾನಿ ಬಂದು ನೋಡ್ರಿ ಉಸ್ತಾದ್. ಚಳ್ಯಾಗ ಅಷ್ಟೇ ಆಗ್ತದ" ಎಂದ ಅವನು ಮೂರನೆಯ ಸಲ.

"ಗೇರ್‌ಬಾಕ್ಸಿಗಿ ಚಳಿ ಹತ್ತತದೇನ್ಲೇ? ರಗ್ಗ ಹೊದಸಲೇನ್?" ಎಂದರು ಉಸ್ತಾದ್. ಅಲ್ಲಿದ್ದವರು ನಕ್ಕರು. "ಬಟನ್ ಒತ್ತಿ ಮರಿತೀ ನೀ. ಹೋಗು."

"ದೀಪ ಹತ್ತಿಲ್ರಿ. ಅಣ್ಣಾ ನೋಡ್ಯಾರ, ಕೇಳ್ರಿ."

ನಾನು ಹೌದು ಎಂದೆ. ಉಸ್ತಾದ್ ನನ್ನ ಕಡೆ ತಿರುಗಲೂ ಇಲ್ಲ. "ತೊಗರಿ ಸಾಬ್ ತೊಗರಿ ನೋಡ್ಲಿ."

ಓವರ್‌ಡ್ರೈವ್ ಬೀಳದ ಗಾಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕಾಯದ ಇಂಜಿನ್ನೂ ಹೆಚ್ಚು ಕುಡಿಯುತ್ತದೆ. ಸಾಹುಕಾರರಿಗೆ ಅನುಮಾನ ಬಂತು. ಅವರು ಉಸ್ತಾದರಿಗೆ ಫೋನ್ ಮಾಡಿದಾಗ ನಾನು ಗಿರಣಿಯಲ್ಲಿ ಅವರ ಮೇಜಿನ ಎದುರೇ ಇದ್ದೆ. ಅವನೂ ಇದ್ದ, ಬಾಗಿಲ ಹತ್ತಿರ. ಕೂಲಿಯವರು, ಇಬ್ಬರು ದಲಾಲರು, ಎಲ್ಲರೂ ಇದ್ದರು. ಫೋನಿನ ಸ್ಪೀಕರ್ ಹಾಕಿತ್ತು.

"ಗಾಡ್ಯಾಗ ಏನರ ಫಾಲ್ಟ್ ಅದ ಏನ್ರಿ ಉಸ್ತಾದ್?"

"ಗಾಡಿ ಬರಾಬರ್ ಅದ ಸಾವ್ಕಾರ್. ಗಾಡಿ ಕುಡದಿಲ್ಲಂದ್ರ ಬ್ಯಾರೆ ಯಾರೋ ಕುಡದಿರ್ಬೇಕು."

ಅದು ತಮಾಷೆಯ ಮಾತು. ಉಸ್ತಾದ್ ಆ ಕಡೆ ನಕ್ಕದ್ದೂ ಕೇಳಿಸಿತು. ದಲಾಲರು ನಕ್ಕರು. ಸಾಹುಕಾರರು ನಗಲಿಲ್ಲ, ಅವನ ಕಡೆ ನೋಡಿದರು. ಅವನು ಮೊದಲು ನಗುತ್ತಿದ್ದವನು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ನಿಲ್ಲಿಸಿದ. ಮರುದಿನದಿಂದ ಅವನು ಬರುವುದು ಬೇಡ ಎಂದಾಯಿತು. ಪೆಟ್ರೋಲ್ ಕದ್ದ ಎಂದು ಯಾರೂ ಅವನ ಮುಖಕ್ಕೆ ಹೇಳಲಿಲ್ಲ. ಖೇಡದಲ್ಲಿ ಇನ್ನೊಬ್ಬ ಧಣಿಯೂ ಅವನ ಕೈಗೆ ಕೀಲಿ ಕೊಡಲಿಲ್ಲ, ಅಷ್ಟೇ. ಖೇಡಕ್ಕೂ ಮನೂರಿಗೂ ನಡುವೆ ಒಂದು ಶೇರ್ ಆಟೋ ಓಡಿಸಲು ಶುರು ಮಾಡಿದ. ಆಟೋ ಸ್ಟ್ಯಾಂಡಿನವರು ಅವನಿಗೆ 'ಪೆಟ್ರೋಲ್' ಎಂದು ಹೆಸರಿಟ್ಟರು. "ಏ ಪೆಟ್ರೋಲ್, ನಿಂದ್ ಪಾಳಿ ಬಂತು ನೋಡು" ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಅವನ ಹಿರಿಯ ಮಗಳು ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಕೇಳಿದ್ದೇನೆ.

ಮರು ಚಳಿಗಾಲಕ್ಕೆ ಕಾರು ಓಡಿಸಲು ಬಂದವನು ಸಾಹುಕಾರರ ತಂಗಿಯ ಮಗ. ಅವನೂ ಹೇಳಿದ, ಬೆಳಿಗ್ಗೆ ನಾಲ್ಕನೆಯದು ಬೀಳುವುದಿಲ್ಲ. ಪೆಟ್ರೋಲೂ ಮೊದಲಿನಂತೆಯೇ ಹೆಚ್ಚು ಹೋಯಿತು. ಈ ಸಲ ಸಾಹುಕಾರರು ಕಳ್ಳನನ್ನು ಹುಡುಕಲಿಲ್ಲ. "ಗಾಡ್ಯಾಗ ಏನೋ ಅದ, ತೋರಸ್ರಿ" ಎಂದರು. ಮೈಯೆಲ್ಲ ಉರಿದು, ನಾನು ಮಾದರಿ ಬರೆಯುವ ಪುಸ್ತಕದಲ್ಲಿ ಪ್ರತಿ ಬೆಳಗಿನದನ್ನೂ ಬರೆಯತೊಡಗಿದೆ. ಎಲ್ಲಿ ಚಳಿ ಹೆಚ್ಚು, ಎಲ್ಲಿ ಗಾಡಿ ನಿಂತಿತು, ಎಷ್ಟು ಹೊತ್ತು ನಿಂತ ಮೇಲೆ ಗೇರು ಬಿತ್ತು, ಹೈವೇಗೆ ಬಂದು ಗಾಳಿ ಬಡಿದ ಮೇಲೆ ಮತ್ತೆ ಎಲ್ಲಿ ಬಿಟ್ಟಿತು. ಎರಡು ವಾರದಲ್ಲಿ ಒಂದು ತಿಳಿಯಿತು. ಸೂಜಿ ತಳದಲ್ಲಿದ್ದಾಗ ನಾಲ್ಕನೆಯದು ಒಮ್ಮೆಯೂ ಬಿದ್ದಿರಲಿಲ್ಲ. ಒಂದು ಕಡ್ಡಿಯಷ್ಟು ಎದ್ದಾಗಲೆಲ್ಲ ಬಿದ್ದಿತ್ತು.

ಚಹಾ ಅಂಗಡಿಯಲ್ಲಿ ಒಬ್ಬ ಲಾರಿಯವರಿಗೆ ಇದನ್ನು ಹೇಳಿದೆ. ಉತ್ತರದ ಚಳಿಯ ನಾಡಿನ ಕಡೆ ಓಡಾಡುವವರು. "ರೇಡಿಯೇಟರ್ ಮುಂದ ರಟ್ಟು ಕಟ್ಟಿ ನೋಡ್ರಿ" ಎಂದರು. ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದು, ಹರಿದು, ರೇಡಿಯೇಟರಿಗೆ ಗಾಳಿ ಬಡಿಯದಂತೆ ಕಟ್ಟಿದೆ. ಮರುದಿನ ಅದೇ ಚಳಿ, ಅದೇ ಆರು ಗಂಟೆ. ಖೇಡ ಬಿಟ್ಟು ಎರಡನೆಯ ಹಳ್ಳಿ ಬರುವುದರೊಳಗೆ ಸೂಜಿ ಎದ್ದಿತು. ಮೂರನೆಯ ಹಳ್ಳಿಗೆ ಮೊದಲೇ ಇಂಜಿನ್ನಿನ ಅರಚಾಟ ತಟ್ಟನೆ ನಿಂತು, ಟೈರಿನ ಸದ್ದು ಮಾತ್ರ ಉಳಿಯಿತು. ಎರಡು ಚಳಿಗಾಲದಲ್ಲಿ ಮೊದಲ ಸಲ, ಗಾಡಿ ಎಲ್ಲೂ ನಿಲ್ಲದೆ, ಆ ದಾರಿಯಲ್ಲಿ ನಾಲ್ಕನೆಯದು ಬಿದ್ದಿತ್ತು. ನನಗೆ ಖುಷಿಯಾಗಲಿಲ್ಲ.

ಶೆಡ್ಡಿಗೆ ಹೋಗಿ, ಮಾತಾಡದೆ, ಪುಸ್ತಕವನ್ನು ಉಸ್ತಾದರ ಮುಂದೆ ಹಿಡಿದೆ. ಅವರು ಕನ್ನಡ ಓದುತ್ತಿರಲಿಲ್ಲ. ಓದಿ ಹೇಳಿದೆ. ರಟ್ಟು ತೋರಿಸಿದೆ. ಅವರು ಬಗ್ಗಿ ರಟ್ಟನ್ನು ನೋಡಿದರು. ಆಮೇಲೆ ತಾವೇ ಪಾನಾ ತೆಗೆದುಕೊಂಡು ವಾಲ್ವ್ ಕೂರುವ ಮುಚ್ಚಳ ಬಿಚ್ಚಿದರು. ಒಳಗೆ ಖಾಲಿ. ಇಂಜಿನ್ ಬೆಚ್ಚಗಾಯಿತು ಎಂದು ತಿಳಿಯುವ ತನಕ ಆ ಗಾಡಿಯ ಕಂಪ್ಯೂಟರ್ ನಾಲ್ಕನೆಯ ಗೇರನ್ನು ಕೊಡುವುದಿಲ್ಲ, ಚಳಿಗಾಲದಲ್ಲಿ ವಾಲ್ವ್ ಇಲ್ಲದೆ ಅದು ಬೆಚ್ಚಗಾಗುವುದೇ ಇಲ್ಲ. ಇದನ್ನು ನಾನು ಅವರಿಗೆ ವಿವರಿಸಬೇಕಾಗಲಿಲ್ಲ. ಅವರ ಬೆರಳು ಆ ಖಾಲಿ ಜಾಗದ ಸುತ್ತ ಒಂದು ಸಲ ತಿರುಗಿತು.

"ಯಾರೋ ತೆಗದಾರ" ಎಂದರು.

"ನೀವೇ ತೆಗದ್ರಿ. ನಾ ಇಲ್ಲೇ ನಿಂತಿದ್ದೆ."

ಅವರು ಮುಚ್ಚಳವನ್ನು ಬಟ್ಟೆಯಿಂದ ಒರೆಸಿದರು. ಹೊಸ ವಾಲ್ವ್ ತರಿಸಿ ಕೂರಿಸಿದರು. ಸಾಹುಕಾರರಿಗೆ ಫೋನ್ ಮಾಡಿ, ನನ್ನ ಎದುರಲ್ಲೇ ಹೇಳಿದರು: "ಸಣ್ಣ ವಾಲ್ ಒಂದು ಖರಾಬ್ ಆಗಿತ್ತು ಸಾವ್ಕಾರ್. ಹಾಕೀನಿ. ಈಗ ಬರಾಬರ್." ಅದು ಕೆಟ್ಟಿರಲಿಲ್ಲ. ಇರಲೇ ಇಲ್ಲ.

ಆ ಸಂಜೆಯೇ ನಾನು ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. "ಹಂಗಂತ ಉಸ್ತಾದ್ ಹೇಳ್ಲಿ, ಕೇಳ್ತೀನಿ. ನೀವು ಕಾಳು ನೋಡೋರು" ಎಂದರು. ಮತ್ತೆ ಶೆಡ್ಡಿಗೆ ಹೋದೆ. ನೀವೊಂದು ಮಾತು ಹೇಳಿದರೆ ಸಾಕು, ಅವನ ಮೇಲಿನದು ಇಳಿಯುತ್ತದೆ ಎಂದೆ. ಉಸ್ತಾದ್ ತಲೆ ಎತ್ತಲಿಲ್ಲ.

"ಹೇಳ್ತೀನ್ರಿ. ಟೈಮ್ ನೋಡಿ ಹೇಳ್ತೀನಿ."

"ಅವ್ನ ಮಕ್ಕಳ ಮುಂದ ಪೆಟ್ರೋಲ್ ಅಂತ ಕರಿತಾರ್ರಿ."

"ಈ ಹೈವೇದಾಗ ನಲವತ್ ವರ್ಷ ಆತು ನನಗ. ನಾ ತಪ್ಪಂದ್ರ ನಾಳಿಗಿ ಈ ಶೆಡ್ಡಿಗಿ ಯಾರ್ ಬರ್ತಾರ? ಹೇಳ್ತೀನಿ ಅಂದೀನಲ್ಲ."

ಅವರ ಕೈ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ನಮ್ಮ ಕಡೆಯ ಎಲ್ಲ ಗ್ಯಾರೇಜಿನಲ್ಲೂ ವಾಲ್ವ್ ತೆಗೆಯುತ್ತಾರೆ. ತಿಳಿದ ಮೇಲೆ, ಒಂದು ಫೋನಿನಷ್ಟು ದೂರದಲ್ಲಿದ್ದ ಮಾತನ್ನು, ಆ ಮನುಷ್ಯ ಆರು ವರ್ಷ ಬಾಯಲ್ಲಿಟ್ಟುಕೊಂಡು ಚಹಾ ಕುಡಿದರು.

ಮನೂರಿಗೆ ಹೋಗಿ ಅವನಿಗೂ ಹೇಳಿದೆ. ಆಟೋದ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಪೂರ್ತಿ ಕೇಳಿದ. "ಇದನ್ನ ಉಸ್ತಾದ್ ಹೇಳ್ಯಾರೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರ ಬಿಡ್ರಿ" ಎಂದು ಎದ್ದ. ನನ್ನ ಮಾತನ್ನು ಅವನು ನಂಬಲಿಲ್ಲ ಎಂದುಕೊಂಡೆ. ಉಸ್ತಾದ್ ತಪ್ಪು ಮಾಡಲಾರರು ಎಂದು ಅವನೇ ನಂಬಿದ್ದಾನೆ ಎಂದುಕೊಂಡೆ. ಆ ದಿನ ನನಗೆ ಉಸ್ತಾದರಿಗಿಂತ ಅವನ ಮೇಲೆ ಹೆಚ್ಚು ಸಿಟ್ಟು ಬಂತು.

ಆ ಸಿಟ್ಟನ್ನು ಹೆಚ್ಚಿಸುವಂಥದ್ದನ್ನೇ ಅವನು ಮಾಡಿದ. ತಿಂಗಳಿಗೊಮ್ಮೆ ತನ್ನ ಆಟೋ ತೆಗೆದುಕೊಂಡು ಜಹೀರಾಬಾದಿಗೆ, ಅದೇ ಶೆಡ್ಡಿಗೆ ಬರತೊಡಗಿದ. ಖೇಡದಲ್ಲೇ ಆಟೋ ಮೆಕ್ಯಾನಿಕ್‌ಗಳಿದ್ದಾರೆ. ಉಸ್ತಾದ್ ಆಟೋ ಮುಟ್ಟುವವರೂ ಅಲ್ಲ. ಸುಮ್ಮನೆ ಹಳೆಯ ಟೈರಿನ ಮೇಲೆ ಕುಳಿತಿರುತ್ತಿದ್ದ. ಉಸ್ತಾದ್ ಬಸಿಯಲ್ಲಿ ಚಹಾ ಸುರಿದು ಕೊಡುತ್ತಿದ್ದರು, ಅವನು ಕುಡಿಯುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಅವನು ಕುಳಿತಷ್ಟು ಹೊತ್ತೂ ಉಸ್ತಾದ್ ಯಾರನ್ನೂ ಬೈಯುತ್ತಿರಲಿಲ್ಲ. ಅದನ್ನು ನಾನು ಕಂಡೆ, ಆದರೆ ಅದರ ಅರ್ಥ ಕೇಳಿಕೊಳ್ಳಲಿಲ್ಲ. ಒಮ್ಮೆ ತಡೆಯಲಾರದೆ ಅವನನ್ನು ರಸ್ತೆಗೆ ಕರೆದು ಬೈದೆ. "ನಿನ್ನ ಕಳ್ಳ ಮಾಡಿದವ್ರ ಕೈಲಿ ಚಹಾ ಹ್ಯಾಂಗ ಇಳಿತದೋ ನಿನಗ? ಮಾನ ಇಲ್ಲೇನ್?"

"ಚಹಾ ಛಲೋ ಇರ್ತದ ಅಣ್ಣಾ" ಎಂದ.

ಅದಾದ ಮೇಲೆ ಎರಡು ವರ್ಷ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಉಸ್ತಾದ್ ಹೋದದ್ದು ಹಗಲಿನಲ್ಲಿ, ಕೆಲಸದ ನಡುವೆ, ಒಂದು ಜೀಪಿನ ಬಾನೆಟ್ಟಿಗೆ ಕೈ ಊರಿ ನಿಂತಲ್ಲೇ. ಮಣ್ಣಿಗೆ ನಾನು ಹೋದೆ. ಹೈವೇಯ ಎಲ್ಲ ಗ್ಯಾರೇಜಿನ ಶಟರ್ ಇಳಿದಿತ್ತು. ಅತ್ತವರು ಬಹಳ ಜನ, ಅದು ಸುಳ್ಳು ಅಳುವಾಗಿರಲಿಲ್ಲ. ಸಾಹುಕಾರರು ಕೋಲೂರಿಕೊಂಡು ಬಂದಿದ್ದರು. "ಇಂಥ ಮನಷ್ಯಾ ಇನ್ನ ಸಿಗಂಗಿಲ್ಲ ನೋಡ್ರಿ" ಎಂದರು. ಇದು ಸಮಯವಲ್ಲ ಎಂದು ಗೊತ್ತಿದ್ದರೂ, ಆ ಡ್ರೈವರನ ವಿಷಯದಲ್ಲಿ ಉಸ್ತಾದರಿಂದ ಅನ್ಯಾಯವಾಯಿತು ಎಂದೆ.

"ಯಾವ ಡ್ರೈವರ್?" ಎಂದರು ಸಾಹುಕಾರರು.

ನೆನಪಿಸಿದೆ. ಊರು ಹೇಳಿದೆ, ಪೆಟ್ರೋಲ್ ಎಂದೆ. ಅವರು ನಿಜವಾಗಿಯೂ ಯೋಚಿಸಿದರು. ತಲೆ ಅಲ್ಲಾಡಿಸಿದರು. "ಎಷ್ಟೋ ಮಂದಿ ಬಂದು ಹೋಗ್ಯಾರ್ರಿ" ಎಂದು ಕಾರಿನ ಕಡೆ ನಡೆದರು.

ಆ ಡ್ರೈವರನೂ ಮಣ್ಣು ಹಾಕಿ ಬಂದು, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಎರಡು ವರ್ಷದ ಮೇಲೆ ಮೊದಲ ಮಾತು ಅವನೇ ಆಡಿದ.

"ಸಿಟ್ಟು ಹೋತೇನ್ರಿ ಅಣ್ಣಾ?"

"ಇಲ್ಲ. ನಿನ್ನ ಮ್ಯಾಲೂ ಹೋಗಿಲ್ಲ. ನಾ ಹೇಳಿದ್ದನ್ನ ನೀ ನಂಬಲಿಲ್ಲ."

"ನಂಬಲಾರದೆ ಏನ್ರಿ? ಆ ವಾಲ್ ಬಿಚ್ಚೋವಾಗ ಪಾನಾ ಕೊಟ್ಟಾಂವ ನಾನೇ. ನೀವು ಹೇಳಿದ ದಿನಾನೇ ಎಲ್ಲಾ ಕೂಡಿ ಬಂತು." ಅವನು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದ. "ಆದ್ರ ನೀವು ಹೇಳಿದ್ರ ಏನ್ ಆಗ್ತದ? ಕದ್ದಿಲ್ಲಂತ ನನ್ನ ಹೆಂಡ್ತಿನೂ ಹೇಳ್ತಾಳ. ಕಳ್ಳ ಅಂದಾಂವ ಹೇಳ್ಬೇಕು."

"ಮತ್ತ ಚಹಾ ಕುಡಿಯಾಕ ಯಾಕ ಹೋಗ್ತಿದ್ದಿ?"

"ಚಹಾಕ್ಕ ಯಾರ್ ಹೋಗ್ತಾರ್ರಿ ಅಷ್ಟು ದೂರ? ಎದುರು ಕುಂದ್ರಾಕ ಹೋಗ್ತಿದ್ದೆ. ನಾನಾಗಿ ಕೇಳಬಾರದು, ಅವರಾಗೇ ಅನ್ನಬೇಕು. ಕಣ್ಣ ಮುಂದ ಕುಂತ್ರ ಒಂದಿನ ಅಂತಾರ ಅಂತ. ಆರು ವರ್ಷ ಕುಂತೆ."

ಮಾನ ಇಲ್ಲವೇ ಎಂದು ನಾನು ಕೇಳಿದ್ದು ಈ ಮನುಷ್ಯನನ್ನು. ಕೇಳಿದೆ, "ಒಮ್ಮಿನೂ ಏನೂ ಅಂದಿಲ್ಲೇನು?"

"ಹೋದ ತಿಂಗಳು ಬಾಯಿ ತೆಗದಿದ್ರು. ಬಸಿ ನನ್ನ ಕೈಗಿ ಕೊಟ್ಟು, ಕೈ ಬಿಡಲೇ ಇಲ್ಲ. ನನ್ನ ಹೆಸರು ಹಿಡದು ಕರದ್ರು. ಒಮ್ಮಿನೂ ಕರದಿರ್ಲಿಲ್ಲ ಹಂಗ. 'ನಿಂದು ಆ ಗಾಡಿದು' ಅಂದ್ರು." ಅವನು ನಲ್ಲಿ ನಿಲ್ಲಿಸಿದ. "ಅಷ್ಟರಾಗ ಒಬ್ಬ ಗಿರಾಕಿ ಬಂದ್ರಿ. ಎದ್ದು ಹ್ವಾದ್ರು."

"ಏನಾಗಿತ್ತು ಅವನ ಗಾಡಿಗಿ?"

"ಹಾರ್ನ್ ಆಗ್ತಿರ್ಲಿಲ್ಲಂತ."